ಸಾಮಾನು ಕಟ್ಟುವ ಮುಂಚೆ ಒಂದು ಮಾತು

ಏಪ್ರಿಲ್ ಬಂತೆಂದರೆ ನನ್ನ ಟಪಾಲಿನಲ್ಲಿ ಅತ್ತೆ-ಸೊಸೆ ಜಗಳ ಕಡಿಮೆಯಾಗಿ ಮನೆ ಬದಲಿಸುವವರ ಕಾಗದ ಜಾಸ್ತಿಯಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ವರ್ಗಾವಣೆಯ ಗುಸುಗುಸು ಶುರುವಾಗಿರುತ್ತದೆ. ಶಾಲೆ ತೆರೆಯುವುದರೊಳಗೆ ಹೊಸ ಊರು ಸೇರಬೇಕು. ನಮ್ಮ ಯಜಮಾನರದು ಬ್ಯಾಂಕಿನ ನೌಕರಿ. ರಾಯಚೂರು, ಹುಬ್ಬಳ್ಳಿ, ಉಡುಪಿ, ಬೆಂಗಳೂರು ಎಂದು ತಿರುಗಿ ಈಗ ಮೈಸೂರಿನಲ್ಲಿ ಕೂತಿದ್ದೇವೆ. ಅದಕ್ಕೇ ಇರಬೇಕು, ಸಂಪಾದಕರು ಈ ತರಹದ ಕಾಗದಗಳನ್ನೆಲ್ಲ ನನ್ನ ಮೇಜಿಗೇ ತಳ್ಳುತ್ತಾರೆ. ಈ ಸಲ ಇಡೀ ಅಂಕಣ ಅವಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಾವ ತೀರಿಕೊಂಡು ವರ್ಷವಾಯಿತು. ಶಿರಸಿ ಹತ್ತಿರದ ಹಳ್ಳಿಯ ದೊಡ್ಡ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾರೆ. ವಯಸ್ಸು 74, ಮಂಡಿನೋವು ಬೇರೆ. ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬರಲು ಕೊನೆಗೂ ಒಪ್ಪಿದ್ದಾರೆ. ಆದರೆ ಸಾಮಾನು ವಿಂಗಡಿಸಲು ಕೂತರೆ ತಾಮ್ರದ ಹಂಡೆಯಿಂದ ಹಿಡಿದು ಖಾಲಿ ಹಾರ್ಲಿಕ್ಸ್ ಬಾಟಲಿಯವರೆಗೆ ಎಲ್ಲವೂ ಬೇಕು ಅನ್ನುತ್ತಾರೆ. ಕಳೆದ ಸಲ ಜಗಳವಾಗಿ ಅರ್ಧಕ್ಕೇ ಬಿಟ್ಟು ಬಂದೆವು. ಏನು ಮಾಡಲಿ?
—ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಅತ್ತೆಗೆ ಕೇಳುತ್ತಿರುವುದು "ಇದು ಬೇಕಾ, ಬೇಡ್ವಾ" ಅಂತ ತಾನೇ? ಆ ಪ್ರಶ್ನೆಗೆ ಯಾರಾದರೂ ಬೇಡ ಅನ್ನುತ್ತಾರಾ ಹೇಳಿ. ಮದುವೆಯಾಗಿ ಬಂದ ದಿನದಿಂದ ಹುಣಿಸೆಹಣ್ಣು ಹಾಕಿ ತಿಕ್ಕಿದ ಹಂಡೆ ಅದು. ಬೇಡ ಅಂದುಬಿಟ್ಟರೆ ಮುಂದಿನ ಸರದಿ ತನ್ನದೇ ಏನೋ ಅನ್ನುವ ಅಳುಕು ಒಳಗೆ ಇರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಬಾಟಲಿಗಾಗಿ ಜಗಳ ಆಡುತ್ತಾರೆ.

ಪ್ರಶ್ನೆ ಬದಲಿಸಿ. "ಅತ್ತೆ, ಇದನ್ನ ಅಲ್ಲಿ ಎಲ್ಲಿ ಇಡೋಣ?" ಅಂತ ಕೇಳಿ. ಹಾಗೆ ಕೇಳಿದರೆ ಅವರೇ ಯೋಚನೆ ಮಾಡಲು ಶುರುಮಾಡುತ್ತಾರೆ.

ಆದರೆ ಹಾಗೆ ಕೇಳಬೇಕೆಂದರೆ ನಿಮ್ಮ ಹತ್ತಿರ ಮೊದಲು ಒಂದು ಉತ್ತರ ಇರಬೇಕು. ಫ್ಲ್ಯಾಟಿನಲ್ಲಿ ಅವರ ಜಾಗ ಯಾವುದು? ಮಕ್ಕಳ ರೂಮಿನಲ್ಲಿ ಮಲಗುತ್ತಾರೋ, ಹಾಲಿನ ದಿವಾನದ ಮೇಲೋ? ಮೂರು ಪುಟದ ಕಾಗದದಲ್ಲಿ ಹಂಡೆಯ ವಿಷಯ ಬರೆದಿದ್ದೀರಿ, ಇದನ್ನು ಬರೆದಿಲ್ಲ. ಅಂದರೆ ಇನ್ನೂ ತೀರ್ಮಾನ ಆಗಿಲ್ಲ ಅಂತ ನನ್ನ ಊಹೆ. ಮೊದಲು ನೀವು ಗಂಡ ಹೆಂಡತಿ ಕೂತು ಅದನ್ನು ತೀರ್ಮಾನಿಸಿ. ಮಕ್ಕಳ ರೂಮಾದರೆ ಮಕ್ಕಳಿಗೂ ಈಗಲೇ ಹೇಳಿ, ಅಜ್ಜಿ ಬಂದ ದಿನ ಅವರು ಮುಖ ಊದಿಸಿಕೊಂಡು ನಿಲ್ಲುವುದು ಬೇಡ. ಅವರ ಮಂಚ ಎಲ್ಲಿ, ಕಪಾಟಿನಲ್ಲಿ ಎಷ್ಟು ಖಾನೆ, ದೇವರ ಮಂಟಪ ಎಲ್ಲಿ ಎಂದು ನೋಡಿ, ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಮುಂದಿನ ಸಲ ಶಿರಸಿಗೆ ಹೋದಾಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಅದೇ ಅಳತೆಯ ರೂಮು ಬರೆಯಿರಿ. ಹತ್ತಕ್ಕೆ ಹನ್ನೊಂದು ಅಡಿ ಇದ್ದರೆ ಹತ್ತಕ್ಕೆ ಹನ್ನೊಂದೇ ಬರೆಯಿರಿ. ಮಂಚ ಇಲ್ಲಿ, ಕಿಟಕಿ ಇಲ್ಲಿ, ಕಪಾಟು ಇಲ್ಲಿ ಅಂತ ತೋರಿಸಿ ಪಕ್ಕಕ್ಕೆ ಸರಿಯಿರಿ. ಅವರೇ ಒಳಗಿನಿಂದ ಒಂದೊಂದೇ ತಂದಿಟ್ಟು ನೋಡಲಿ. ಹಂಡೆ ಇಟ್ಟರೆ ಕಾಲಿಡಲು ಜಾಗ ಇಲ್ಲ ಅನ್ನುವುದನ್ನು ನೀವು ಹೇಳುವುದಕ್ಕೂ ಅವರೇ ಕಂಡುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಉಳಿದ ಸಾಮಾನಿನಲ್ಲಿ ಕೆಲವನ್ನು ಅವರ ಕೈಯಿಂದಲೇ ಕೊಡಿಸಿ. ಬೆಳ್ಳಿಯ ಕುಂಕುಮಭರಣಿ ಯಾವ ಮೊಮ್ಮಗಳಿಗೆ, ತೊಟ್ಟಿಲು ಯಾರ ಮನೆಗೆ, ದೊಡ್ಡ ಕಡಾಯಿ ಊರಿನ ದೇವಸ್ಥಾನಕ್ಕೋ ಏನೋ. ಕೊಡುವವರು ಅವರಾಗಬೇಕು, ಸಾಗಿಸುವವರು ಮಾತ್ರ ನೀವು. ತಾಮ್ರ ಹಿತ್ತಾಳೆಯನ್ನು ಅವರ ಕಣ್ಣೆದುರು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಬರುವ ದುಡ್ಡು ಎಷ್ಟೇ ಇರಲಿ, ಆ ದೃಶ್ಯ ಮರೆಯುವುದಿಲ್ಲ.

ಮನೆಯನ್ನು ಪೂರ್ತಿ ಖಾಲಿ ಮಾಡಲೂ ಹೋಗಬೇಡಿ. ಒಂದು ಮಳೆಗಾಲ ದಾಟಲಿ. "ಬೇಜಾರಾದರೆ ಬಂದು ನಾಲ್ಕು ದಿನ ಇರಬಹುದು" ಅನ್ನುವ ಧೈರ್ಯ ಇದ್ದರೆ ಬೆಂಗಳೂರು ಸಹಿಸಲು ಸುಲಭ. ಹಾಗಂತ ಬೀಗ ಹಾಕಿ ಬಂದುಬಿಟ್ಟರೂ ಆಗದು. ನಿಮ್ಮ ಕಡೆಯ ಮಳೆಗೆ ಮುಚ್ಚಿದ ಮನೆಯಲ್ಲಿ ಬೂಷ್ಟು ಹಿಡಿಯುತ್ತದೆ, ಗೆದ್ದಲು ಏರುತ್ತದೆ, ಒಂದು ಹೆಂಚು ಸರಿದರೂ ತೊಲೆ ನೆನೆಯುತ್ತದೆ. ವಾರಕ್ಕೆರಡು ಸಲ ಕಿಟಕಿ ತೆರೆದು, ಒಲೆಗೆ ಒಂದಿಷ್ಟು ಬೆಂಕಿ ಹಾಕಿ ಹೊಗೆಯಾಡಿಸಲು ಯಾರನ್ನಾದರೂ ಗೊತ್ತುಮಾಡಿ. ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟೇ ಮಾಡಿಸಿ. ಪಕ್ಕದ ಮನೆಯವರ ಉಪಕಾರ ಮೊದಲ ಮಳೆಗೆ ಸಾಕು, ಎರಡನೆಯದಕ್ಕೆ ಸಾಲದು. ಪತ್ರ, ಪಹಣಿ, ಪಾಸ್‌ಪುಸ್ತಕ, ರೇಷ್ಮೆ ಸೀರೆ ಇವನ್ನು ಅಲ್ಲಿ ಬಿಡಬೇಡಿ.

ಅವರು ಬರುವ ಮುಂಚೆಯೇ ಫ್ಲ್ಯಾಟಿನ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಹಿಡಿ ಹಾಕಿಸಿ, ಕಾಲು ಜಾರದ ಮ್ಯಾಟ್ ಹಾಸಿ. ಮಂಡಿನೋವಿನವರಿಗೆ ಕಮೋಡು ಬೇಕೇ ಬೇಕು. ಶಿರಸಿಯ ಡಾಕ್ಟರ ಚೀಟಿ, ಹಳೆಯ ಎಕ್ಸ್‌ರೇ, ಎರಡು ತಿಂಗಳಿಗೆ ಆಗುವಷ್ಟು ಮಾತ್ರೆ ಜೊತೆಯಲ್ಲೇ ಬರಲಿ. ಮಾವನ ಕುಟುಂಬ ಪಿಂಚಣಿ ಬರುತ್ತಿದ್ದರೆ ಖಾತೆ ಬದಲಿಸುವ ಅವಸರ ಬೇಡ. ನವೆಂಬರಿನ ಜೀವಂತ ಪ್ರಮಾಣಪತ್ರವನ್ನು ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿ ಬೆಂಗಳೂರಿನಿಂದಲೇ ಕೊಡಬಹುದು.

ಇನ್ನೊಂದು ವಿಷಯ, ಇದನ್ನು ಯಾರೂ ಯೋಚಿಸುವುದಿಲ್ಲ. ಊರಿನಲ್ಲಿ ಅವರು ಬೆಳಿಗ್ಗೆ ಎದ್ದು ಅಂಗಳ ಸುತ್ತಿ ದೇವರಿಗೆ ಹೂ ಕೊಯ್ಯುತ್ತಿದ್ದರು ಅಲ್ವಾ? ವಾಕಿಂಗ್ ಅದೇ, ಗಿಡಗಳ ಜೊತೆ ಮಾತೂ ಅದೇ. ಬೆಂಗಳೂರಿನಲ್ಲಿ ಮೊಳದ ಲೆಕ್ಕದ ಹೂ ತಂದುಕೊಟ್ಟರೆ ಆ ಮುಕ್ಕಾಲು ಗಂಟೆಯನ್ನು ಅವರು ಏನು ಮಾಡಬೇಕು? ಬಾಲ್ಕನಿಯಲ್ಲಿ ದಾಸವಾಳ, ನಂದಬಟ್ಟಲು ಒಂದೊಂದು ಕುಂಡ ಇಡಿ. ಊರಿನ ದಾಸವಾಳದ್ದೇ ಟೊಂಗೆ ಕತ್ತರಿಸಿ ತಂದು ನೆಡಿ, ಸುಲಭವಾಗಿ ಬರುತ್ತದೆ. ಅಪಾರ್ಟ್‌ಮೆಂಟಿನ ಕೆಳಗೆ ಹೂಗಿಡ ಇದ್ದರೆ ನಾಲ್ಕು ಹೂ ಕೊಯ್ಯಲು ಸಂಘದವರಲ್ಲಿ ಮೊದಲೇ ಕೇಳಿಡಿ. ವಾಚ್‌ಮನ್ ಗದರಿಸಿದರೆ ಅವರು ಮತ್ತೆ ಕೆಳಗೆ ಇಳಿಯುವುದಿಲ್ಲ.

ಹಾರ್ಲಿಕ್ಸ್ ಬಾಟಲಿ ಆರೇಳು ತನ್ನಿ. ಸಾರಿನಪುಡಿಗೆ ಅದಕ್ಕಿಂತ ಒಳ್ಳೆಯ ಡಬ್ಬ ಇನ್ನೂ ಯಾರೂ ಮಾಡಿಲ್ಲ. ಅಪ್ಪೆಮಿಡಿಯ ಭರಣಿಯನ್ನು ಮಾತ್ರ ಲಾರಿಗೆ ಹಾಕಬೇಡಿ. ಕಾರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬನ್ನಿ.

ಪ್ರಶ್ನೆ: ಪತಿಗೆ ಕಲಬುರಗಿಯಿಂದ ಮೈಸೂರಿಗೆ ವರ್ಗಾವಣೆ ಆಗುವ ಸಂಭವ ಇದೆ. ಬಾಡಿಗೆ ಮನೆ. ಮಕ್ಕಳು ನಾಲ್ಕು ಮತ್ತು ಎಂಟನೇ ತರಗತಿ. ಗ್ಯಾಸು, ಕರೆಂಟು, ಆಧಾರ್, ಶಾಲೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಲೆ ಕೆಟ್ಟಿದೆ.
—ಗೃಹಿಣಿ, ಕಲಬುರಗಿ

ಉತ್ತರ: ಶಾಲೆ ಮೊದಲು. ಆದೇಶ ಕೈಗೆ ಬಂದ ದಿನವೇ ವರ್ಗಾವಣೆ ಪತ್ರಕ್ಕೆ, ಅಂದರೆ ಟಿ.ಸಿ.ಗೆ ಅರ್ಜಿ ಕೊಡಿ. ಇಬ್ಬರು ಮಕ್ಕಳ ಸ್ಯಾಟ್ಸ್ ಸಂಖ್ಯೆಯನ್ನು, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆಯನ್ನು, ಡೈರಿಯಲ್ಲಿ ಬರೆದುಕೊಳ್ಳಿ. ಕಾಗದದ ಟಿ.ಸಿ. ಕೈಲಿದ್ದರೆ ಸಾಲದು, ಹಳೆಯ ಶಾಲೆಯವರು ಆನ್‌ಲೈನಿನಲ್ಲೂ ಮಗುವನ್ನು ಬಿಡುಗಡೆ ಮಾಡಿದ್ದಾರಾ ಅಂತ ಎದುರು ನಿಂತು ಕೇಳಿ. ಮೈಸೂರಿಗೆ ಬಂದ ಮೇಲೆ ಅದಕ್ಕಾಗಿ ಫೋನು ಮಾಡುತ್ತಾ ಕೂರುವುದಿದೆಯಲ್ಲ, ಅದು ಬೇಡ.

ಎರಡನೆಯದು ಬಾಡಿಗೆ ಕರಾರು. ಮೈಸೂರಿನ ಮನೆ ಗೊತ್ತಾದ ಕೂಡಲೇ ಬಾಡಿಗೆ ಕರಾರು ಮಾಡಿಸಿ, ಯಾಕೆಂದರೆ ಮುಂದಿನ ವಿಳಾಸ ಬದಲಾವಣೆಗೆಲ್ಲ ಅದೇ ಆಧಾರ. ಎಲ್ಲರೂ 11 ತಿಂಗಳ ಕರಾರು ಮಾಡುತ್ತಾರೆ. ಒಂದು ವರ್ಷ ಮೀರಿದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಈ ಹನ್ನೊಂದರ ಲೆಕ್ಕ.

ಗ್ಯಾಸು: ಬೇರೆ ಊರಿಗೆ ಹೋಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ನಿಮ್ಮ ವಿತರಕರಿಗೆ ಒಪ್ಪಿಸಬೇಕು. ಠೇವಣಿ ವಾಪಸ್ ಕೊಟ್ಟು ಒಂದು ಚೀಟಿ ಕೊಡುತ್ತಾರೆ. ಅದಕ್ಕೆ ಟಿ.ವಿ. ಅಂತಾರೆ, ಟರ್ಮಿನೇಶನ್ ವೋಚರ್. ನಮ್ಮ ಅತ್ತೆ ಒಮ್ಮೆ "ಗ್ಯಾಸಿನವರು ಟಿ.ವಿ. ಕೊಟ್ಟರಂತೆ" ಅಂತ ಬೀದಿಗೆಲ್ಲ ಹೇಳಿ ಬಂದಿದ್ದರು. ಆ ಚೀಟಿ ತೋರಿಸಿದರೆ ಮೈಸೂರಿನಲ್ಲಿ ಸಂಪರ್ಕ ಸಿಗುತ್ತದೆ. ಠೇವಣಿ ಮಾತ್ರ ಆ ದಿನದ ದರದಂತೆ ಕಟ್ಟಬೇಕು. ಹೊರಡುವ ಹಿಂದಿನ ಎರಡು ದಿನ ಒಲೆ ಇರುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಕರೆಂಟಿನ ವಿಷಯ ಹೊಸದು, ಹಾಗಾಗಿ ಜನ ಎಡವುತ್ತಾರೆ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗಿನ ರಿಯಾಯಿತಿ ಬಾಡಿಗೆದಾರರಿಗೂ ಇದೆ. ಆದರೆ ನಿಮ್ಮ ಆಧಾರ್ ಸಂಖ್ಯೆ ಕಲಬುರಗಿ ಮನೆಯ ಕರೆಂಟು ಬಿಲ್ಲಿನ ಆರ್.ಆರ್. ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ. ಸೇವಾಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ಮೈಸೂರಿನ ಮನೆಯ ಆರ್.ಆರ್. ಸಂಖ್ಯೆಗೆ ಜೋಡಿಸಬೇಕು. ಅಲ್ಲಿ ಕರೆಂಟಿನ ಕಂಪನಿ ಜೆಸ್ಕಾಂ, ಇಲ್ಲಿ ಸೆಸ್ಕ್ ಅಂತ ಗಾಬರಿ ಬೇಡ, ಪೋರ್ಟಲ್ ಒಂದೇ. ಹೊಸ ಮನೆಯಲ್ಲಿ ಮೊದಲಿದ್ದವರು ಅವರ ಆಧಾರ್ ಬಿಡಿಸಿದ್ದಾರಾ ಅಂತ ಮಾಲೀಕರನ್ನು ಕೇಳಿ. ಅವರು ಬಿಡಿಸದಿದ್ದರೆ ನಿಮ್ಮ ಅರ್ಜಿ ನಿಲ್ಲುತ್ತದೆ. ಬಿಡುವ ದಿನ ಹಳೆಯ ಮೀಟರಿನ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಉಳಿದದ್ದು ಹೋಗಿ ಕೂತ ಮೇಲೆ ನಿಧಾನವಾಗಿ ಆಗಲಿ. ಮತದಾರರ ಪಟ್ಟಿಗೆ ನಮೂನೆ 8 ತುಂಬಿ. ಕೆಲವರು ಗೊತ್ತಿಲ್ಲದೆ ನಮೂನೆ 6 ಹಾಕುತ್ತಾರೆ, ಅದು ಹೊಸದಾಗಿ ಹೆಸರು ಸೇರಿಸುವವರಿಗೆ. ರೇಷನ್ ಕಾರ್ಡ್ ಇದ್ದರೆ ಮೈಸೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಸಿಗುತ್ತದೆ. ಅಂಚೆ ಕಚೇರಿಯಲ್ಲಿ ಹೊಸ ವಿಳಾಸದ ಅರ್ಜಿ ಕೊಟ್ಟರೆ ಕಾಗದ ಹಿಂದೆಯೇ ಬರುತ್ತದೆ. ಲಾರಿ ಬಾಡಿಗೆಯ ರಸೀದಿ ಜೋಪಾನ, ವರ್ಗಾವಣೆ ಭತ್ಯೆಗೆ ಕಚೇರಿಯವರು ಕೇಳಬಹುದು.

ಕಲಬುರಗಿಯಿಂದ ಮೈಸೂರು ಸುಮಾರು 700 ಕಿಲೋಮೀಟರ್. ನೀವು ರೈಲಿನಲ್ಲಿ ಮೊದಲು ತಲುಪುತ್ತೀರಿ, ಲಾರಿ ಆಮೇಲೆ. ಹಾಗಾಗಿ ಎರಡು ರಾತ್ರಿಗೆ ಬೇಕಾದ್ದು ಒಂದು ಚೀಲದಲ್ಲಿ ನಿಮ್ಮ ಕೈಯಲ್ಲೇ ಇರಲಿ. ಬೆಡ್‌ಶೀಟು, ಟವೆಲು, ಒಂದು ಪಾತ್ರೆ, ಬಲ್ಬು, ಬೀಗ, ಕತ್ತರಿ, ಚಾರ್ಜರು. ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಶಲನ್ನು ಮರೆಯಬೇಡಿ. ಕುಕ್ಕರ್ ಸಿಕ್ಕಿ ವಿಶಲ್ ಸಿಗದ ರಾತ್ರಿಗಳನ್ನು ನಾನು ಬಹಳ ನೋಡಿದ್ದೇನೆ. ಊಟದ ಚಿಂತೆ ನಿಮಗಿಲ್ಲ ಬಿಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ವಾರ ಕಳೆಯಬಹುದು. ನಾವು ದಕ್ಷಿಣದವರು ಮಾತ್ರ ಚಿತ್ರಾನ್ನ ಕಟ್ಟಿಕೊಂಡು ಸಂಜೆಗೆ ಹಳಸಿತು ಅಂತ ಒದ್ದಾಡುತ್ತೇವೆ.

ಏರ್ ಕೂಲರನ್ನು ಲಾರಿಗೆ ಹಾಕುವ ಮುಂಚೆ ಯೋಚಿಸಿ. ಮೈಸೂರಿನಲ್ಲಿ ಅದು ಸುಮ್ನೆ ಸಜ್ಜಾ ಮೇಲೆ ಕೂರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿಯಲ್ಲೇ ಒಳ್ಳೆಯ ಬೆಲೆಗೆ ಹೋಗುತ್ತದೆ.

ಪ್ರಶ್ನೆ: ಅಕ್ಕ, ನಾನು ಒಂಬತ್ತನೇ ಕ್ಲಾಸ್ ಮುಗಿಸಿದ್ದೇನೆ. ಅಪ್ಪನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಉಡುಪಿ ಬಿಟ್ಟು ಹೋಗಬೇಕಂತೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಏನಾದರೂ ಹೇಳಿದರೆ "ಅಲ್ಲಿಗೆ ಹೋದ ಮೇಲೆ ಎಲ್ಲ ಸರಿಯಾಗ್ತದೆ" ಅಂತಾರೆ. ನಾನು ಅಜ್ಜಿ ಮನೆಯಲ್ಲಿ ಉಳಿದು ಹತ್ತನೇ ಕ್ಲಾಸ್ ಮುಗಿಸಬಾರದಾ?
—ವಿದ್ಯಾರ್ಥಿನಿ, ಉಡುಪಿ

ಉತ್ತರ: ಪುಟ್ಟಿ, ನಿನ್ನ ಪ್ರಶ್ನೆ ಹಟದ್ದಲ್ಲ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಶಾಲೆ ಬದಲಿಸುವುದು ದೊಡ್ಡವರೂ ಎರಡು ಸಲ ಯೋಚಿಸಬೇಕಾದ ವಿಷಯವೇ. ನಮ್ಮ ಬ್ಯಾಂಕಿನ ಕ್ವಾರ್ಟರ್ಸಿನಲ್ಲಿ ಎಷ್ಟೋ ಮನೆಯಲ್ಲಿ ಅಪ್ಪ ಮೊದಲು ಹೋಗಿ ರೂಮು ಮಾಡಿಕೊಂಡಿರುತ್ತಿದ್ದರು, ಉಳಿದವರು ಮಾರ್ಚ್ ಪರೀಕ್ಷೆ ಮುಗಿಸಿ ಹೋಗುತ್ತಿದ್ದರು. ಆದ್ದರಿಂದ ಅಜ್ಜಿ ಮನೆಯ ಮಾತನ್ನು ಅಳುತ್ತಾ ಹೇಳಬೇಡ, ಲೆಕ್ಕ ಹಾಕಿ ಹೇಳು. ಅಜ್ಜಿಗೆ ಆರೋಗ್ಯ ಹೇಗಿದೆ? ನಿನಗೆ ಬೆಳಿಗ್ಗೆ ಏಳಕ್ಕೆ ತಿಂಡಿ, ಟಿಫನ್ ಡಬ್ಬ ಮಾಡಿಕೊಡಲು ಅವರಿಗೆ ಆಗುತ್ತದಾ? ಅವರನ್ನು ಕೇಳಿದ್ದೀಯಾ? ಅಲ್ಲಿಂದ ಶಾಲೆಗೆ ಬಸ್ ಇದೆಯಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಭಾನುವಾರ ಅಪ್ಪ ಅಮ್ಮನ ಮುಂದೆ ಇಡು. ಅವರು ಕಾರಣ ಕೊಟ್ಟು ಇಲ್ಲ ಅಂದರೆ ಒಪ್ಪಿಕೊಳ್ಳಬೇಕಾಗುತ್ತದೆ. ಕಾರಣವನ್ನು ಕೇಳುವ ಹಕ್ಕು ಮಾತ್ರ ನಿನಗೆ ಖಂಡಿತ ಇದೆ.

ಹೋಗುವುದೇ ಆದರೆ "ಸರಿಯಾಗ್ತದೆ" ಅನ್ನುವ ಮಾತಿಗೆ ಬದಲಾಗಿ ಕೆಲವು ಗಟ್ಟಿ ಮಾತು ತೆಗೆದುಕೋ. ಸೇರುವ ಮುಂಚೆ ಶಾಲೆಯನ್ನು ನಿನಗೆ ತೋರಿಸಬೇಕು. ರಾಜ್ಯ ಪಠ್ಯಕ್ರಮವಾದರೆ ಪುಸ್ತಕ ಅದೇ, ಭಯ ಬೇಡ. ನಿನ್ನ ಓದುವ ಮೇಜು ಎಲ್ಲಿ ಅನ್ನುವುದನ್ನು ನೀನೇ ಆರಿಸಬೇಕು. ಆಮೇಲೆ ಅಷ್ಟಮಿಗೆ ಉಡುಪಿಗೆ ಬರಲು ರೈಲಿನ ಟಿಕೆಟ್ಟು. ಸಂಜೆ ಪಂಚಗಂಗಾ ಹತ್ತಿದರೆ ಬೆಳಗಾಗುವುದರೊಳಗೆ ಉಡುಪಿ. ವಿಟ್ಲಪಿಂಡಿಯ ಹುಲಿವೇಷ ನೋಡಿಕೊಂಡು ವಾಪಸ್ ಹೋಗಬಹುದು. ಬಾಯಿಮಾತಲ್ಲ, ಬುಕ್ ಮಾಡಿ ಕೊಡಲಿ.

ಒಂದು ನಿಜ ಹೇಳುತ್ತೇನೆ. ಮೊದಲ ವಾರ ನಿನ್ನ "ಬರ್ತದೆ, ಹೋಗ್ತದೆ" ಕೇಳಿ ಕ್ಲಾಸಿನಲ್ಲಿ ನಗುತ್ತಾರೆ. "ಎಂತ ಮಾರಾಯ್ತಿ" ಅಂತ ಅಣಕಿಸುತ್ತಾರೆ. ನನ್ನ ಮಗಳು ಹುಬ್ಬಳ್ಳಿಯಿಂದ ಉಡುಪಿ ಶಾಲೆಗೆ ಬಂದಾಗ ಟೀಚರಿಗೆ "ಹೌದ್ರಿ" ಅಂದಳು ಅಂತ ಅವಳ ಹೆಸರೇ "ರೀ" ಆಗಿಹೋಗಿತ್ತು. ಮನೆಗೆ ಬಂದು ಚೀಲ ಎಸೆದಿದ್ದಳು. ಅದೇ ಹುಡುಗಿ ಈಗಲೂ ಆ ಗೆಳತಿಯರ ಜೊತೆ ಫೋನಿನಲ್ಲಿ ತುಳುವಿನಲ್ಲಿ ಜಗಳ ಆಡುತ್ತಾಳೆ, ನನಗೆ ಅರ್ಥವಾಗಬಾರದು ಅಂತ. ನಿನ್ನ ಮಾತನ್ನು ಬದಲಿಸಿಕೊಳ್ಳಲು ಹೋಗಬೇಡ. ನಗುವವರಿಗೆ ಎರಡು ವಾರದಲ್ಲಿ ಬೇಜಾರಾಗುತ್ತದೆ.

ಈ ಪುಟವನ್ನು ಅಪ್ಪ ಅಮ್ಮನ ಕಣ್ಣಿಗೆ ಬೀಳುವ ಹಾಗೆ ಟೀಪಾಯಿ ಮೇಲೆ ಬಿಟ್ಟಿರು.

ಪ್ರಶ್ನೆ: ಬೆಂಗಳೂರಿನಲ್ಲೇ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದೇವೆ. ಪ್ಯಾಕರ್ಸ್‌ನವರಲ್ಲಿ ಒಬ್ಬರು ಹೇಳಿದ ಬೆಲೆ ಇನ್ನೊಬ್ಬರದರ ಅರ್ಧ. ಕಡಿಮೆಯವರಿಗೆ ಕೊಡೋಣವೇ? ಹಳೆಯ ಮನೆಯ ಅಡ್ವಾನ್ಸ್ ಪೂರ್ತಿ ವಾಪಸ್ ಬರುವಂತೆ ಏನು ಮಾಡಬೇಕು?
—ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅರ್ಧ ಬೆಲೆ ಹೇಳಿದವರು ಉಳಿದರ್ಧವನ್ನು ದಾರಿಯಲ್ಲಿ ಕೇಳುತ್ತಾರೆ. ನಮಗೂ ಆಗಿದೆ. ಸಾಮಾನು ತುಂಬಿದ ಮೇಲೆ "ಮೇಡಂ, ಐಟಂ ಜಾಸ್ತಿ ಆಯ್ತು" ಅಂತ ಲಾರಿ ನಿಲ್ಲಿಸಿಕೊಂಡು ಫೋನು. ಮಂಚ, ಬೀರು, ಅಕ್ಕಿಡಬ್ಬ ಎಲ್ಲ ಅವರ ಕೈಯಲ್ಲಿರುವಾಗ ವಾದ ಮಾಡುವುದು ಹೇಗೆ? ಆದ್ದರಿಂದ ಫೋನಿನ ಬೆಲೆಗೆ ಬೆಲೆ ಇಲ್ಲ. ಮನೆಗೆ ಬಂದು ನೋಡಲಿ, ಇಲ್ಲವೇ ಸಜ್ಜಾ, ಮಂಚದ ಕೆಳಗು, ಬಾಲ್ಕನಿ ಎಲ್ಲ ಸೇರಿಸಿ ವಿಡಿಯೊ ಕಾಲಿನಲ್ಲಿ ತೋರಿಸಿ. ಜನ ಸಜ್ಜಾ ತೋರಿಸುವುದನ್ನೇ ಮರೆಯುತ್ತಾರೆ. ಸಾಮಾನಿನ ಪಟ್ಟಿ, ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಬಿಚ್ಚಿ ಜೋಡಿಸುವ ಕೂಲಿ ಸೇರಿದೆಯೋ ಎಲ್ಲವೂ ಬರವಣಿಗೆಯಲ್ಲಿ ಬರಲಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ಬಿಲ್ ಕೊಡದವರ ಹತ್ತಿರ ಹೋಗಲೇಬೇಡಿ, ಮೋಸವಾದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆ ಬಿಲ್ಲೇ ಬೇಕು.

ಎರಡೂ ಅಪಾರ್ಟ್‌ಮೆಂಟಿನವರನ್ನು ದಿನ, ಹೊತ್ತು ಕೇಳಿಕೊಳ್ಳಿ. ಕೆಲವು ಕಡೆ ಭಾನುವಾರ ಸಾಮಾನು ಸಾಗಿಸಲು ಬಿಡುವುದಿಲ್ಲ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ ಒರೆಸಿಡಿ, ನಿಲ್ಲಿಸಿಯೇ ಸಾಗಿಸಲಿ. ಮುಂಬಾಗಿಲ ವಾಷಿಂಗ್ ಮೆಷಿನ್ ಆದರೆ ಅದರ ಡ್ರಮ್ ಅಲ್ಲಾಡದಂತೆ ಹಿಂದೆ ಬೋಲ್ಟ್ ಹಾಕಬೇಕು, ತಂದ ದಿನ ಬಿಚ್ಚಿ ಕೊಟ್ಟಿರುತ್ತಾರೆ, ಹುಡುಕಿ. ಮಂಚದ ಸ್ಕ್ರೂಗಳನ್ನು ಕವರಿಗೆ ಹಾಕಿ ಅದೇ ಮಂಚದ ಹಲಗೆಗೆ ಅಂಟಿಸಿ. ಗ್ರೈಂಡರಿನ ಗುಂಡುಕಲ್ಲು ಹೊರತೆಗೆದು ಬೇರೆ ಕಟ್ಟಬೇಕು, ಒಳಗೇ ಬಿಟ್ಟರೆ ಡ್ರಮ್ ಜಖಂ. ಒಡವೆ, ಪತ್ರ, ಲ್ಯಾಪ್‌ಟಾಪ್ ನಿಮ್ಮ ಜೊತೆ.

ಅಡ್ವಾನ್ಸಿನ ವಿಷಯದಲ್ಲಿ ನನಗೆ ಅಷ್ಟು ಭರವಸೆ ಇಲ್ಲ. ಬೆಂಗಳೂರಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆಯಾಗಿ ಹೋಗಿದೆ. ಕರಾರಿನಲ್ಲಿ ಹಾಗೆ ಬರೆದಿದ್ದರೆ ಜಗಳ ಮಾಡಿ ಪ್ರಯೋಜನ ಇಲ್ಲ. ಬರೆದಿಲ್ಲದಿದ್ದರೆ ಕೇಳಿ. ನೋಟಿಸನ್ನು ವಾಟ್ಸಾಪಿನಲ್ಲೂ ಕಳಿಸಿ ದಾಖಲೆ ಇಟ್ಟುಕೊಳ್ಳಿ, ಖಾಲಿ ಮನೆಯ ವಿಡಿಯೊ ತೆಗೆಯಿರಿ, ಕೀಲಿ ಕೊಡುವ ಹೊತ್ತಿಗೇ ಲೆಕ್ಕ ಮುಗಿಸಿ.

ಹೊಸ ಮನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನೀರು ನೋಡಿದಿರಾ? ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ? 2024ರ ಬೇಸಿಗೆ ನೆನಪಿರಲಿ. ಬಾಡಿಗೆ ಕೇಳುವ ಮುಂಚೆ ಅಡುಗೆಮನೆಯ ನಲ್ಲಿ ತಿರುಗಿಸಿ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ.

ಪ್ರಶ್ನೆ: ಹೊಸ ಬಾಡಿಗೆ ಮನೆ ಸಿಕ್ಕಿದೆ, ಆದರೆ ಹಳೆಯ ಮನೆ ಬಿಡುವ ಹೊತ್ತಿಗೆ ಆಷಾಢ ಬರುತ್ತದೆ. ಆಷಾಢದಲ್ಲಿ ಮನೆ ಬದಲಿಸಬಾರದು ಅಂತ ಅಮ್ಮ. ಎರಡೂ ಕಡೆ ಬಾಡಿಗೆ ಕಟ್ಟಲು ನಮಗೆ ಶಕ್ತಿ ಇಲ್ಲ.
—ತುಮಕೂರು

ಉತ್ತರ: ಬಾಡಿಗೆಗೆ ಆಷಾಢ ಇಲ್ಲವಲ್ಲ! ಇದಕ್ಕೆ ನಮ್ಮ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಜ್ಯೇಷ್ಠ ಮುಗಿಯುವುದರೊಳಗೆ ಅಮ್ಮ ಒಪ್ಪುವ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಡಿ. ದೇವರ ಪಟ, ದೀಪ, ಅಕ್ಕಿ, ಬೆಲ್ಲ, ಉಪ್ಪು, ಒಂದು ಕೊಡ ನೀರು ಇಟ್ಟು ಬನ್ನಿ. ಅಲ್ಲಿಗೆ ಪ್ರವೇಶ ಆಯಿತು. ಉಳಿದ ಸಾಮಾನು ಆಷಾಢದಲ್ಲಿ ಹೋದರೆ ಅದು ಬರೀ ಸಾಗಾಟ. ಮಾಲೀಕರಿಗೆ ವಿಷಯ ಹೇಳಿ ಕೀಲಿ ಒಂದೆರಡು ದಿನಕ್ಕೆ ಮೊದಲೇ ಕೇಳಿ, ಅವರ ಮನೆಯಲ್ಲೂ ಒಬ್ಬ ಅಮ್ಮ ಇರುತ್ತಾರೆ. ಮಳೆ ಇರುತ್ತದೆ, ಹಾಸಿಗೆಗೆ ತಾಡಪಾಲು ಮರೆಯಬೇಡಿ.

ಪ್ರಶ್ನೆ: ನಮ್ಮೂರು ಬೀಳಗಿ ತಾಲ್ಲೂಕಿನಲ್ಲಿ ಇದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರ ಹೆಚ್ಚಿಸಿದರೆ ನಮ್ಮ ಮನೆ ಮುಳುಗಡೆ ಅಂತ ಹೇಳುತ್ತಾ ವರ್ಷಗಳೇ ಆದವು. ಹೋಗಬೇಕೋ ಇರಬೇಕೋ ಗೊತ್ತಾಗುತ್ತಿಲ್ಲ. ಮಗ ಈಗಲೇ ಬಾಗಲಕೋಟೆಗೆ ಹೋಗೋಣ ಅಂತಾನೆ. ನನಗೆ 68 ವರ್ಷ. ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳಲಿ?
—ರೈತರು, ಬಾಗಲಕೋಟೆ ಜಿಲ್ಲೆ

ಉತ್ತರ: ಹಿರಿಯರೇ, ನಮಸ್ಕಾರ. ಮೇಲಿನವರೆಲ್ಲ ಹೋಗುವ ದಿನ ಗೊತ್ತಿದ್ದವರು. ನಿಮಗೆ ಆ ದಿನವೇ ಗೊತ್ತಿಲ್ಲ. ಜಲಾಶಯದ ಗರಿಷ್ಠ ಮಟ್ಟ ಈಗ 519.60 ಮೀಟರ್. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಲು ಒಪ್ಪಿತು. ಆಗಿನಿಂದ ನಿಮ್ಮಂಥವರು ಕಾಯುತ್ತಲೇ ಇದ್ದೀರಿ.

ನಾನು ಸಾಗರದ ಕಡೆಯವಳು. ನಮ್ಮ ಅಜ್ಜಿಯ ಮನೆ ಶರಾವತಿಯ ಮುಳುಗಡೆಯದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಅಜ್ಜ ಹೊರಡುವಾಗ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗಾಡಿಗೆ ಹೇರಿದರಂತೆ. ಹೊಸ ಜಾಗದ ಮನೆ ಚಿಕ್ಕದು, ಬಾಗಿಲು ದೊಡ್ಡದು. ಬಾಗಿಲಿಗೆ ತಕ್ಕ ಹಾಗೆ ಗೋಡೆ ಎತ್ತರಿಸಿದರು. ಆದರೆ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದದ್ದು ಬಾಗಿಲಿನ ಮಾತಲ್ಲ, ತೋಟದ ಮಾತೂ ಅಲ್ಲ. ಪಕ್ಕದ ಮನೆಯವರು ಒಂದು ದಿಕ್ಕಿಗೆ, ಬಾಣಂತನ ಮಾಡಿದವರು ಇನ್ನೊಂದು ದಿಕ್ಕಿಗೆ ಹೋದರು ಅನ್ನುವ ಮಾತು. ಅದಕ್ಕೇ ನಿಮಗೆ ಮೊದಲು ಹೇಳುವುದು ಇದು: ಪುನರ್ವಸತಿ ಕೇಂದ್ರದಲ್ಲಿ ನಿವೇಶನ ಕೊಡುವ ಹೊತ್ತು ಬಂದರೆ ನಿಮ್ಮ ಓಣಿಯವರು ಅಕ್ಕಪಕ್ಕ ಇರುವಂತೆ ಈಗಲೇ ಸೇರಿ ಅರ್ಜಿ ಬರೆಯಿರಿ. ಯಾರ ಪಕ್ಕ ಯಾರು ಅನ್ನುವುದನ್ನು ಚೀಟಿ ಎತ್ತುವುದಕ್ಕೆ ಬಿಡಬೇಡಿ. ಮುಂಚೆ ಮುಳುಗಿದ ಬಾಗಲಕೋಟೆಯ ಓಣಿಗಳವರು ನವನಗರಕ್ಕೆ ಹೋಗಿದ್ದಾರೆ. ಅಲ್ಲಿ ನಿಮ್ಮ ವಯಸ್ಸಿನ ಒಬ್ಬರನ್ನು ಹುಡುಕಿ ಒಂದು ದಿನ ಕೂತು ಮಾತಾಡಿ. ನನ್ನ ಉತ್ತರಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಗದದ ಕೆಲಸ ಈಗಲೇ ಮಾಡಬಹುದು, ಅದಕ್ಕೆ ನೋಟಿಸ್ ಬೇಕಿಲ್ಲ. ಪಹಣಿ, ಮನೆಯ ಉತಾರ ಯಾರ ಹೆಸರಿನಲ್ಲಿವೆ ನೋಡಿ. ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿ. ಅಣ್ಣತಮ್ಮಂದಿರ ಪಾಲು ಬಾಯಿಮಾತಿನದಾಗಿದ್ದರೆ ಬರಹಕ್ಕೆ ತನ್ನಿ. ಪರಿಹಾರ ಬರುವ ದಿನ ಅಣ್ಣತಮ್ಮಂದಿರು ಕೋರ್ಟಿಗೆ ಹೋದರೆ ದುಡ್ಡು ಅಲ್ಲೇ ಉಳಿಯುತ್ತದೆ. ಬಾವಿ, ಕೊಳವೆಬಾವಿ, ದನದ ಕೊಟ್ಟಿಗೆ, ಬೇವು, ಮಾವು ಎಲ್ಲದರ ಫೋಟೊ ತೆಗೆಸಿಡಿ. ಅಳತೆಗೆ ಬಂದಾಗ ನೀವೇ ಎದುರಿಗಿರಿ, ಓದಿಸಿ ಕೇಳದೆ ಸಹಿ ಹಾಕಬೇಡಿ. ಪರಿಹಾರ ಕಡಿಮೆ ಅನಿಸಿದರೆ ತಕರಾರು ಬರೆದೇ ಹಣ ತೆಗೆದುಕೊಳ್ಳಬಹುದು. ಸ್ವಾಧೀನ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಆದರೆ 64ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳಬಹುದು. ಐತೀರ್ಪಿನ, ಅಂದರೆ ಪರಿಹಾರ ನಿಗದಿ ಮಾಡುವ ಆದೇಶದ, ದಿನ ಹಾಜರಿದ್ದವರಿಗೆ ಆರು ವಾರದ ಗಡುವು, ಅದನ್ನು ಮೀರಬೇಡಿ. ಹತ್ತಿರದ ವಕೀಲರಿಗೆ ತೋರಿಸಿ.

ಮಗ ಹೇಳುವುದರಲ್ಲಿ ಅರ್ಥ ಇದೆ, ಅವನಿಗೆ ಮಕ್ಕಳ ಶಾಲೆಯ ಚಿಂತೆ ಇರಬಹುದು. ಅವನು ಮುಂದೆ ಹೋಗಲಿ, ನೀವು ಹೊಲ ನೋಡಿಕೊಂಡು ಇರಿ, ಹಬ್ಬಕ್ಕೆ ಇತ್ತ ಬರಲಿ. ಹೇಗೂ ಬಿಡುವ ಮನೆ ಅಂತ ಮಾಳಿಗೆ ಸೋರಲು ಬಿಟ್ಟಿದ್ದೀರಾ? ಈ ಮಳೆಗೆ ಮುಂಚೆ ಅದಕ್ಕೆ ಮೇಲುಮುದ್ದೆ ಹಾಕಿಸಿ. ನೋಟಿಸ್ ಬರುವ ತನಕ ನೀವು ಮಲಗುವುದು ಅದರ ಕೆಳಗೇ.

ಪ್ರಶ್ನೆ: ನಮ್ಮ ಬೆಕ್ಕನ್ನು ಹೊಸ ಮನೆಗೆ ಒಯ್ಯುವುದು ಹೇಗೆ? ಹೊಸ ಮನೆ ಎರಡೇ ಕಿಲೋಮೀಟರ್ ದೂರ. ವಾಪಸ್ ಓಡಿಬಂದರೆ?
—ಎಂಟು ವರ್ಷದ ಓದುಗ, ಹಾಸನ

ಉತ್ತರ: ಬರುತ್ತದೆ ಮರಿ, ಬೆಕ್ಕಿಗೆ ದಾರಿ ನೆನಪಿರುತ್ತದೆ. ಅದಕ್ಕೇ ಸಾಮಾನು ಸಾಗಿಸುವ ಗದ್ದಲದ ದಿನ ಅದನ್ನು ಒಂದು ರೂಮಿನಲ್ಲಿ ಹಾಕಿ ಬಾಗಿಲು ಮುಚ್ಚಿಡಿ, ಎಲ್ಲದರ ಕೊನೆಗೆ ಒಯ್ಯಿರಿ. ಗಾಳಿಯಾಡುವ ಬುಟ್ಟಿ ಬೇಕು. ಹೊಸ ಮನೆಯಲ್ಲೂ ಮೊದಲು ಒಂದೇ ರೂಮು. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ತೊಳೆಯದೇ ಅಲ್ಲಿ ಹಾಸು. ಎರಡು ಮೂರು ವಾರ ಮನೆಯಿಂದ ಹೊರಗೆ ಬಿಡಬೇಡ, ಎಷ್ಟೇ ಕೂಗಿದರೂ. ಆಮೇಲೆ ಊಟಕ್ಕೆ ಸ್ವಲ್ಪ ಮುಂಚೆ, ಹಸಿದಿರುವಾಗ ಬಾಗಿಲು ತೆಗೆ. ಹಳೆಯ ಮನೆಗೆ ಬರುವ ಹೊಸಬರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಬೆಕ್ಕು ಬಂದರೆ ಹಾಲು ಹಾಕಬೇಡಿ, ಫೋನ್ ಮಾಡಿ ಅಂತ ಅಮ್ಮನ ಕೈಲಿ ಹೇಳಿಸು.